ರೊಟ್ಟಿ ಬಡಿಯುವ ಕೈ

ಶಿಷ್ಯ ಕೇಳಿದ: "ಗುರುಗಳೇ, ನನ್ನ ಹೆಂಡತಿಗೆ ಹೊಟ್ಟೆನೋವು. ಆಸ್ಪತ್ರೆಯಲ್ಲಿ ಕೊಯ್ಯಿಸಲೇಬೇಕು ಎಂದು ಒಬ್ಬರು ಹೇಳುತ್ತಾರೆ. ಬೇಡವೇ ಬೇಡ ಎಂದು ಇನ್ನೊಬ್ಬರು. ಊರನ್ನೆಲ್ಲ ಕೇಳಿ ಬಂದೆ, ತಲೆ ಇನ್ನಷ್ಟು ಕೆಟ್ಟಿತು. ಆಕೆಗೆ ಯಾವುದು ಒಳ್ಳೆಯದು, ನೀವೇ ಹೇಳಿ."

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಕಂಬಳಿ ವ್ಯಾಪಾರಿಯಿದ್ದ. ಆತನ ಹೆಂಡತಿ ಜೋಳದ ರೊಟ್ಟಿಗೆ ಹೆಸರಾದವಳು. ಮಂದಿ ಮನೆಗೇ ಬಂದು ಖಡಕ್ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರು. "ನಿನ್ನ ಕಂಬಳಿಗಿಂತ ಆಕೆಯ ರೊಟ್ಟಿಯೇ ಹೆಚ್ಚು ಬಾಳಿಕೆ ಬರುತ್ತದಪ್ಪ" ಎಂದು ಗಂಡನನ್ನು ಕಾಡುತ್ತಿದ್ದರು.

ಆಕೆಯ ಎರಡೂ ಕಿಡ್ನಿ ಕೆಟ್ಟವು. ಇನ್ನು ಇರುವವರೆಗೂ ಯಂತ್ರದಲ್ಲಿ ರಕ್ತ ತೊಳೆಯಿಸಬೇಕು ಎಂದರು ವೈದ್ಯರು. ರಕ್ತ ಹೊರಗೆ ಬರಬೇಕು, ತೊಳೆದದ್ದು ಒಳಗೆ ಹೋಗಬೇಕು. ಅದಕ್ಕೊಂದು ಬಾಗಿಲು ಬೇಕು. ಕುತ್ತಿಗೆಯಲ್ಲಿ ಕೊಳವೆ ಇಟ್ಟರೆ ಅಂದೇ ಕೆಲಸಕ್ಕೆ ಬರುತ್ತದೆ, ಆದರೆ ನಂಜೇರುವ ಭಯ. ಕೈಯಲ್ಲಿ ಎರಡು ರಕ್ತನಾಳ ಕೂಡಿಸಿ ಹೊಲಿದರೆ ಬಹುಕಾಲ ಬಾಳುತ್ತದೆ, ಆದರೆ ಅದು ಉಬ್ಬಿ ಬಲಿಯುವವರೆಗೆ ಕಾಯಬೇಕು. ನಾಳ ತೀರ ಸಣ್ಣದಿದ್ದರೆ ಚರ್ಮದಡಿ ಕೃತಕ ನಾಳ ಹಾಕುತ್ತಾರೆ. ಆದರೆ ಅದು ಬೇಗ ಕಟ್ಟಿಕೊಂಡು ಮುಚ್ಚಿಹೋಗುತ್ತದೆ.

ವ್ಯಾಪಾರಿಗೆ ಏನೂ ತಿಳಿಯಲಿಲ್ಲ. ಅಕ್ಕನನ್ನು ಕೇಳಿದ. "ಕುತ್ತಿಗೆಗೆ ಕೊಳವೆ ಹಾಕಿದರೆ ತಾಳಿ ಎಲ್ಲಿರಬೇಕೋ ತಮ್ಮಾ?" ಎಂದಳು. ಸಂತೆಯ ಗೆಳೆಯನನ್ನು ಕೇಳಿದ. "ಪೈಪು ಹಾಕಿಸಿಬಿಡು, ಬೋರ್‌ವೆಲ್ಲಿಗೆ ಹಾಕಿಸುವುದಿಲ್ಲವೇ?" ಎಂದ. ಬೆಳಗಾಗುವಷ್ಟರಲ್ಲಿ ಯಾರು ಏನು ಹೇಳಿದರು ಎಂಬುದೂ ಕಲಸಿಹೋಯಿತು. ಕೊನೆಗೆ ವೈದ್ಯರೇ, ಆಕೆಗೆ ಕಾಯುವಷ್ಟು ಕಾಲವಿದೆ, ನಾಳವೂ ಚೆನ್ನಾಗಿದೆ, ಕೈಯೇ ಒಳ್ಳೆಯದು ಎಂದರು.

"ಹೆಚ್ಚು ಕೆಲಸ ಮಾಡುವ ಕೈಯನ್ನು ಬಿಡುತ್ತೇವೆ. ಹೊಲಿದ ಕೈಗೆ ಪೆಟ್ಟು ಬೀಳಬಾರದು, ಭಾರ ಬೀಳಬಾರದು. ಯಾವ ಕೈಗೆ ಮಾಡೋಣ?" ಎಂದು ವೈದ್ಯರು ಕೇಳಿದರು.

ಅಷ್ಟು ದಿನಗಳಲ್ಲಿ ವ್ಯಾಪಾರಿಗೆ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ. ಆಕೆ ಬಡಿಸುವುದು ಬಲಗೈಯಲ್ಲಿ. ಉಣ್ಣುವುದು ಬಲಗೈಯಲ್ಲಿ. "ಎಡಗೈಗೆ ಮಾಡಿ ಸ್ವಾಮಿ" ಎಂದ. ವೈದ್ಯರು ಆಕೆಯ ಕಡೆ ನೋಡಿದರು. "ಅವರು ಹೇಳಿದ ಹಾಗೆ" ಎಂದಳು.

ಎಡಗೈಗೆ ಹೊಲಿದರು. ನಾಳ ಉಬ್ಬಿತು, ಬಲಿಯಿತು. ಮುಟ್ಟಿದರೆ ಬೆರಳಡಿ ಗುಂಯ್ ಎನ್ನುತ್ತಿತ್ತು. ರಕ್ತ ತೊಳೆಯುವುದು ಸುಸೂತ್ರವಾಗಿ ನಡೆಯಿತು. ವ್ಯಾಪಾರಿಗೆ ಜೀವ ಬಂದಂತಾಯಿತು.

ಮನೆಯಲ್ಲಿ ರೊಟ್ಟಿಯ ಸದ್ದು ಮಾತ್ರ ನಿಂತಿತು. ನಿತ್ರಾಣವಿರಬೇಕು ಎಂದುಕೊಂಡ. ಒಂದು ದಿನ ಒಳಗಿನಿಂದ ತಟ್, ತಟ್ ಎಂದು ತಡವರಿಸುವ ಸದ್ದು ಬಂತು. ಒಲೆಯ ಮುಂದೆ ಗಂಡಸರಿಗೇನು ಕೆಲಸ ಎನ್ನುವ ಮನೆ ಅದು. ಆದರೂ ಹೋದ. ಆಕೆ ಬಲಗೈಯಲ್ಲಿ ಬಡಿಯುತ್ತಿದ್ದಳು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ಎಡಗೈ ಮಡಿಲಲ್ಲಿತ್ತು. ಹಿಟ್ಟು ಕಂಡು ಅದರ ಬೆರಳುಗಳು ತಾವಾಗಿಯೇ ಆಡುತ್ತಿದ್ದವು.

ಮದುವೆಯಾದಂದಿನಿಂದ ಆತ ಸದ್ದು ಕೇಳಿದ್ದ. ಕೈ ನೋಡಿರಲಿಲ್ಲ.

"ನೀನು ಎಡಗೈಯಲ್ಲಿ ಬಡಿಯುತ್ತಿದ್ದೆಯಾ?"

"ಇನ್ನೇನು ಮತ್ತೆ? ಮಂದಿಯೆದುರು ಮಾತ್ರ ಬಲಗೈ. ಎಡಗೈ ಮುಂದೆ ಬಂದರೆ ನಮ್ಮವ್ವ ಸೌಟಿನಿಂದ ಬಾರಿಸುತ್ತಿದ್ದಳು."

"ಆವತ್ತೇ ಹೇಳಬಾರದಿತ್ತೇ?"

"ನೀವು ಅಷ್ಟು ಗಟ್ಟಿಯಾಗಿ ಹೇಳಿದಿರಲ್ರೀ, ಕೈ ನನ್ನದೋ ನಿಮ್ಮದೋ ಎಂದು ನನಗೇ ಅನುಮಾನ ಬಂತು" ಎಂದು ನಕ್ಕಳು.

ವ್ಯಾಪಾರಿ ನಗಲಿಲ್ಲ. ಹೊಲಿದದ್ದನ್ನು ಬಿಚ್ಚಿರಿ ಎನ್ನುವಂತಿರಲಿಲ್ಲ. ಆಕೆಯ ಜೀವ ಈಗ ಆ ಕೈಯ ಮೇಲೆಯೇ ನಿಂತಿತ್ತು. ಅಳಬೇಕೋ, ಸಮಾಧಾನ ಪಡಬೇಕೋ ತಿಳಿಯದೆ ಹಿಟ್ಟಿನ ಮುಂದೆ ಕೂತ. ತಾನು ಮಾಡಿದ್ದು ಒಳಿತೋ ಕೆಡುಕೋ ಎಂಬುದು ಆಕೆ ತೀರಿಕೊಂಡ ಮೇಲೂ ಆತನಿಗೆ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಚಡಪಡಿಸಿದ.

"ಆತ ಕುರುಡ ಬಿಡಿ ಗುರುಗಳೇ. ಒಂದೇ ಸೂರಿನಡಿ ಇದ್ದು ಅಷ್ಟೂ ನೋಡದವನು! ನಾನು ಅಂಥವನಲ್ಲ. ಕೊಯ್ಯಿಸಲೋ ಬೇಡವೋ, ಅಷ್ಟು ಹೇಳಿ."

ಗುರುಗಳು ಕೇಳಿದರು: "ಆಕೆಗೆ ನೋವು ಇರುವುದು ಹೊಟ್ಟೆಯ ಯಾವ ಪಕ್ಕದಲ್ಲಪ್ಪಾ?"

ಶಿಷ್ಯ ಎದ್ದು, ಹೆಂಡತಿಯನ್ನೇ ಕೇಳಲು ಮನೆಯ ಕಡೆ ಹೊರಟ.