ಭಾರ ಹಾಕು

ಜಪಾನಿನ ಒಸಾಕಾ ನಗರದಲ್ಲಿ ಇವಾಸೆ ಎಂಬ ಹಳೆಯ ಕುಸ್ತಿಪಟು ಇದ್ದ. ನಮ್ಮ ಗರಡಿಮನೆಯ ಮಣ್ಣಿನ ಕುಸ್ತಿಯಲ್ಲ ಇದು. ನಾಲ್ಕು ಕಡೆ ಹಗ್ಗ ಕಟ್ಟಿದ ಅಖಾಡ, ಸುತ್ತ ಸಾವಿರಾರು ಜನ, ಟಿಕೆಟ್ಟು, ಟಿವಿ ಎಲ್ಲ ಇರುವ ದೊಡ್ಡ ಕುಸ್ತಿ. ಎದುರಾಳಿಯ ಎರಡೂ ಭುಜಗಳನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ರೆಫರಿ ಒಂದು, ಎರಡು, ಮೂರು ಎಂದು ನೆಲ ಬಡಿದರೆ ಮುಗಿಯಿತು, ಗೆದ್ದ ಹಾಗೆ.

ಇವಾಸೆಗೆ ಐವತ್ತಾರು ವರ್ಷ. ಎಡ ಮಂಡಿಗೆ ಅವನು ಎಷ್ಟು ಸುತ್ತು ಪಟ್ಟಿ ಕಟ್ಟುತ್ತಿದ್ದನೆಂದರೆ, ಅದು ಮಂಡಿಯೋ ದಿಂಬೋ ಎಂದು ಅಭಿಮಾನಿಗಳೇ ರೇಗಿಸುತ್ತಿದ್ದರು. ಆದರೂ ಅವನು ಒಳಗೆ ಬಂದರೆ ಸಾಕು, ನೀಲಿ ಕಾಗದದ ಸುರುಳಿಗಳನ್ನು ಎಸೆದೆಸೆದು ಅಖಾಡವನ್ನೇ ಮುಚ್ಚಿಬಿಡುತ್ತಿದ್ದರು. ಮೆಚ್ಚಿದವನಿಗೆ ಅವನ ಬಣ್ಣದ ಸುರುಳಿ ಎಸೆಯುವುದು ಅಲ್ಲಿಯ ಪದ್ಧತಿ.

ಅವನ ಶಿಷ್ಯ ತೋಮಾ. ಮೀನಿನ ಮಾರುಕಟ್ಟೆಯಲ್ಲಿ ಮಂಜುಗಡ್ಡೆ ಹೊರುತ್ತಿದ್ದವನನ್ನು ಇವಾಸೆಯೇ ಕರೆತಂದು ಹನ್ನೆರಡು ವರ್ಷ ಪಳಗಿಸಿದ್ದ. ದಿನಾ ಬೆಳಿಗ್ಗೆ ಗುರು ತಾನೇ ಚಾಪೆಯ ಮೇಲೆ ಅಂಗಾತ ಮಲಗಿ, “ಬಾ, ಒತ್ತಿ ಹಿಡಿ. ಭಾರ ಹಾಕು,” ಎನ್ನುತ್ತಿದ್ದ. ಗುರುವಿನ ಎದೆಯ ಮೇಲೆ ಬೀಳಲು ತೋಮಾನಿಗೆ ಸಂಕೋಚ. ಅರ್ಧ ಭಾರವನ್ನು ತನ್ನ ಮೊಣಕೈ ಮೇಲೆಯೇ ಉಳಿಸಿಕೊಳ್ಳುತ್ತಿದ್ದ. ಇವಾಸೆಗೆ ಅದು ತಕ್ಷಣ ಗೊತ್ತಾಗುತ್ತಿತ್ತು.

“ಮೊಣಕೈ ತೆಗಿಯೋ! ನಾನೇನು ಮೊಟ್ಟೇನಾ, ಒಡೆದು ಹೋಗೋಕೆ?”

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ, ಗುರುವಿನ ಚಾಂಪಿಯನ್ ಪಟ್ಟಕ್ಕೆ ಶಿಷ್ಯನೇ ಸವಾಲು ಹಾಕುವ ದಿನ ಬಂತು. ಸೋತರೆ ತಾನು ಇನ್ನೆಂದೂ ಅಖಾಡಕ್ಕೆ ಕಾಲಿಡುವುದಿಲ್ಲ ಎಂದು ಇವಾಸೆ ಎಲ್ಲರೆದುರೇ ಹೇಳಿಬಿಟ್ಟಿದ್ದ. ತೋಮಾನಿಗೆ ಅನ್ನ ಸೇರಲಿಲ್ಲ. ಗೆಲ್ಲಬೇಕೆಂದೇ ಹನ್ನೆರಡು ವರ್ಷ ಬೆವರು ಸುರಿಸಿದ್ದ. ಗೆದ್ದರೆ ಗುರುವನ್ನು ಕೈಯಾರೆ ಮನೆಗೆ ಕಳಿಸಿದಂತಾಗುತ್ತದೆ. ಒಳ್ಳೆಯ ಮನಸ್ಸಿನವರಿಗೆ ಬರುವ ಕಷ್ಟಗಳೇ ಹೀಗೆ, ಪಾಪ.

ಗಂಟೆ ಬಾರಿಸಿದರು. ಕಾಲು ಗಂಟೆ ಇಬ್ಬರೂ ಬಿಡದೆ ಸೆಣಸಿದರು. ಆಮೇಲೆ ತೋಮಾ ಗುರುವಿನ ಸೊಂಟ ಹಿಡಿದು ಎತ್ತಿ ಕೆಡವಿದ. ಎದೆಯ ಮೇಲೆ ಬಿದ್ದು ಒತ್ತಿ ಹಿಡಿದ. ಒಂದು! ಎರಡು! ಇವಾಸೆಯ ಭುಜ ಮೇಲೆದ್ದಿತು. ಜನ ಕುಣಿದಾಡಿದರು. ಮುದುಕನಿಗೆ ಇನ್ನೂ ಎಷ್ಟು ಕಸುವು ನೋಡಿ ಎಂದರು.

ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ ಆಯಿತು. ಒಂದು! ಎರಡು! ಭುಜ ಎದ್ದಿತು. ಜನ ಮತ್ತೆ ಕುಣಿದರು. ಇವಾಸೆ ಮಾತ್ರ ಮಲಗಿದಲ್ಲೇ ಶಿಷ್ಯನ ಕಿವಿಯ ಹತ್ತಿರ ಕೇಳಿದ:

“ಏನೋ, ಊಟ ಮಾಡ್ಕೊಂಡು ಬಂದಿಲ್ವಾ?”

“ಬಂದಿದೀನಿ, ಗುರುಗಳೇ.” ಅದು ಸುಳ್ಳು, ನಮಗೆ ಗೊತ್ತು.

“ಹಾಗಾದ್ರೆ ಭಾರ ಎಲ್ಲಿ ಹೋಯ್ತು? ಮೊಣಕೈ ಮೇಲಿದೆ, ಅಲ್ವಾ?”

ತೋಮಾನ ಮುಖ ಕೆಂಪಾಯಿತು. ಇವಾಸೆಗೆ ನಿಜಕ್ಕೂ ಸಿಟ್ಟು ಬಂದಿತ್ತು. ಎದ್ದವನೇ ಶಿಷ್ಯನ ಎದೆಗೆ ಒಂದು ಬಿಟ್ಟ. ಆ ಸದ್ದು ಹಿಂದಿನ ಸಾಲಿನವರಿಗೂ ಕೇಳಿಸಿತು. ನೋಯುವ ಮಂಡಿಯ ಮೇಲೇ ನಿಂತು ತೋಮಾನನ್ನು ಎತ್ತಿ ಕೆಡವಿ, ತನ್ನ ಮೈಯ ಭಾರವನ್ನೆಲ್ಲ ಅವನ ಮೇಲೆ ಹಾಕಿದ. ತೋಮಾನಿಗೆ ಉಸಿರೇ ಹೊರಡಲಿಲ್ಲ. ಮೂರು ಎನ್ನುವಷ್ಟರಲ್ಲಿ ಹೇಗೋ ಒಂದು ಭುಜ ಬಿಡಿಸಿಕೊಂಡ.

“ನೋಡಿದ್ಯಾ?” ಇವಾಸೆ ಏದುಸಿರು ಬಿಡುತ್ತಾ ಹೇಳಿದ. “ನಾನು ಒಂದಿಷ್ಟೂ ಉಳಿಸ್ಕೊಳ್ಲಿಲ್ಲ. ನನ್ನ ಮರ್ಯಾದೆ ಕಾಪಾಡ್ತೀನಿ ಅಂತ ಕೂತ್ಕೋಬೇಡ ಕಣೋ. ನೀನು ಬಿಟ್ಟುಕೊಟ್ಟ ಪಟ್ಟ ಹೊತ್ಕೊಂಡು ನಾನು ಹೇಗೆ ಮನೆಗೆ ಹೋಗ್ಲಿ? ಇಷ್ಟು ವರ್ಷ ನಿನ್ನ ಮೇಲೇ ಭಾರ ಹಾಕಿದೀನಿ ನಾನು.”

ಆಗ ತೋಮಾನಿಗೆ ಅರ್ಥವಾಯಿತು. ನಂಬಿದವರ ಮೇಲಲ್ಲವೇ ನಾವು ಭಾರ ಹಾಕುವುದು?

ಅವನು ಅಳುತ್ತಲೇ ಎದ್ದ. ಅಳುತ್ತಲೇ ಗುರುವಿನ ಸೊಂಟ ಹಿಡಿದ. ಎತ್ತಿ ಕೆಡವಿದಾಗ ಅಖಾಡದ ಹಲಗೆಗಳು ನಡುಗಿದವು. ಎದೆಯ ಮೇಲೆ ಬಿದ್ದು ಮೊಣಕೈಗಳನ್ನು ನೆಲದಿಂದ ತೆಗೆದುಬಿಟ್ಟ. ಒಂದು! ಇವಾಸೆ ಕಾಲು ಬಡಿದ. ಎರಡು! ಹಲ್ಲು ಕಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೊಸರಾಡಿದ. ಭುಜ ಒಂದು ಬೆರಳಿನಷ್ಟು ಎದ್ದಿತು, ಮತ್ತೆ ನೆಲ ಮುಟ್ಟಿತು. ಮೂರು!

ಸಭಾಂಗಣದ ಜನರೆಲ್ಲ ಎದ್ದು ನಿಂತರು. ಆಮೇಲೆ ತೋಮಾನ ಕೆಂಪು ಸುರುಳಿಗಳೂ ಇವಾಸೆಯ ನೀಲಿ ಸುರುಳಿಗಳೂ ಒಟ್ಟಿಗೇ ಬಂದು ಇಬ್ಬರ ಮೇಲೂ ಬಿದ್ದವು. ತೋಮಾ ಮಾತ್ರ ಗುರುವಿನ ಎದೆಯಲ್ಲಿ ಮುಖ ಹುದುಗಿಸಿ ಹಾಗೇ ಬಿಕ್ಕುತ್ತಿದ್ದ.

ಇವಾಸೆ ಅವನ ಬೆನ್ನು ತಟ್ಟಿದ. “ಈಗ ಸರಿಯಾಗಿದೆ ಭಾರ,” ಎಂದ. “ಇನ್ನು ಏಳೋ ಮಾರಾಯ, ಉಸಿರು ಕಟ್ತಿದೆ.”

ನೀತಿ: ಕಲಿಸಿದವರ ಮುಂದೆ ಕನಿಕರದಿಂದ ಶಕ್ತಿ ಉಳಿಸಿಕೊಂಡು ಆಡಿದರೆ, ಅವರು ಕಲಿಸಿದ್ದನ್ನೇ ಸಣ್ಣದು ಮಾಡಿದಂತೆ. ಅವರು ಕೊಟ್ಟದ್ದನ್ನು ಪೂರ್ತಿಯಾಗಿ ಮಾಡಿ ತೋರಿಸುವುದೇ ನಿಜವಾದ ಗುರುಭಕ್ತಿ.