ತಿಳಿಯಾದರೂ ತಿಳಿಯದ ನೀರು

ಕುಸುಬೂರಿನ ದೊರೆಮಗಳು ಹೊನ್ನಾಂಬೆಗೆ ಒಂದು ಅಭ್ಯಾಸವಿತ್ತು. ನೀರು ಕುಡಿಯುವ ಮೊದಲು ಬಟ್ಟಲನ್ನು ಕಿವಿಯ ಹತ್ತಿರ ಹಿಡಿದು, ಅದೇನೋ ಹೇಳೀತೆಂಬಂತೆ ಸುಮ್ಮನೆ ಕಾಯುತ್ತಿದ್ದಳು. ದೀಪಾವಳಿಯಲ್ಲಿ ಅವಳ ಪುಟ್ಟ ತಮ್ಮ ತೀರಿಕೊಂಡಂದಿನಿಂದ ಹೀಗೆ. ಅವನು ಹೇಗೆ ಸತ್ತನೆಂದು ಯಾರೂ ಬಾಯಿಬಿಡಕೂಡದೆಂದು ದೊರೆಯ ಕಟ್ಟಪ್ಪಣೆ. ಒಗಟು ಹಾಕಕೂಡದೆಂದು ಮಾತ್ರ ದೊರೆ ಹೇಳಿರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಡಂಗುರ ಬಿತ್ತು.

“ಕೇಳ್ರಪ್ಪೋ ಕೇಳಿ! ದೊರೆಮಗಳ ಮೂರು ಒಗಟು ಬಿಡಿಸಿದವನಿಗೆ ಅವಳನ್ನೇ ಧಾರೆಯೆರೆದು ಕೊಡಲಾಗುವುದು. ತಪ್ಪಿದವನಿಗೆ ಹೊಳೆಯ ನೀರು ಒಂದು ಚೊಂಬು!”

ಹೊಳೆಯ ನೀರೆಂದರೆ ಸಾವೇ. ಊರಿನ ಬಣ್ಣದ ಬಾನಿಗಳಲ್ಲಿ ಹೆಚ್ಚಿನವು ಬರಿದಾಗುತ್ತಿದ್ದುದು ಅದರೊಳಕ್ಕೆ.

ಮೊದಲು ಸಾಮಂತನ ಮಗ ಬಂದ. ಹೊನ್ನಾಂಬೆ ಕೇಳಿದಳು, “ಸೀರೆ ಹಿಡಿದುಕೊಂಡರೆ ಸಿಂಗಾರ, ಸೀರೆಯ ಕೈಬಿಟ್ಟರೆ ಸಂಹಾರ. ಏನದು?”

“ನೆರಿಗೆ!” ಎಂದ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಚೊಂಬು ಬಂದಾಗ ನಗು ನಿಂತಿತು.

ಆಮೇಲೆ ಬಂದ ಪಂಡಿತ, ಮೊದಲನೆಯದು ಬಣ್ಣವೆಂದು ಬಿಡಿಸಿದ. ಎರಡನೆಯದು ಬಂತು. “ಕಣ್ಣಿಗೆ ಬೀಳದು, ಬಾಯಿಲ್ಲ, ಆದರೂ ಕತ್ತಲಲ್ಲಿ ಕೂತು ಬಣ್ಣವನ್ನೆಲ್ಲ ಉಣ್ಣುತ್ತದೆ.”

ಪಂಡಿತ ತನ್ನ ನರೆತ ಗಡ್ಡ ಸವರಿಕೊಂಡು, “ಮುಪ್ಪು,” ಎಂದ. ಅವನಿಗೂ ಚೊಂಬು ಬಂತು.

ಕೊನೆಗೆ ಬಂದವನು ಈರಬೊಮ್ಮ, ಬಣ್ಣದ ಬಟ್ಟೆ ಜಾಲಿಸುವವನು. ಉಗುರಿನ ಸಂದಿಯವರೆಗೂ ಕೆಂಪು.

“ಏನ್ಲಾ, ಕೈಯಾದ್ರೂ ತೊಳ್ಕೊಂಡು ಬರಬಾರ್ದಾ?” ಎಂದ ಬಾಗಿಲು ಕಾಯುವವನು.

“ಯಾವ ನೀರಲ್ಲಿ ತೊಳೀಲಣ್ಣ?”

ಮೊದಲನೆಯ ಒಗಟಿಗೆ ಈರಬೊಮ್ಮ ತಡಮಾಡಲಿಲ್ಲ. “ಬಣ್ಣ, ಅಮ್ಮಣ್ಣಿ. ನೂಲಿಗೆ ಹತ್ತಿದ್ದು ಚೆಂದ, ಹತ್ತದೆ ಹೊಳೆಗೆ ಹೋದದ್ದು ವಿಷ.” ಎರಡನೆಯದಕ್ಕೂ ಅಷ್ಟೇ. “ಕೆಸರಿನ ಒಳಗಿರೋ ಜೀವ. ಕಾಣೋದಿಲ್ಲ. ಬಾನಿಯ ನೀರನ್ನ ಈಚೀಚೆಗೆ ಅಲ್ಲಲ್ಲಿ ತೋಡ್ತಿರೋ ಸಗಣಿ ಕೆಸರಿನ ಗುಂಡಿಗೆ ಬಿಟ್ಟು, ಗಾಳಿ ಆಡದ ಹಾಗೆ ಚಪ್ಪಡಿ ಮುಚ್ಚಿದ್ರೆ ಬಣ್ಣ ತಿಂದುಬಿಡ್ತವೆ.”

ಹೊನ್ನಾಂಬೆಯ ದನಿ ಸಣ್ಣಗಾಯಿತು. “ತಿಳಿಯಾಗಿದೆ, ಆದರೂ ತಿಳಿಯದು. ಏನು?”

ಈರಬೊಮ್ಮ ತನ್ನ ಕೆಂಪು ಕೈಗಳನ್ನು ಬೊಗಸೆ ಮಾಡಿ ನೋಡಿಕೊಂಡ. ಚೊಂಬು ಹಿಡಿದವನು ಒಂದು ಹೆಜ್ಜೆ ಮುಂದೆ ಬಂದ.

“ಆ ಗುಂಡಿಯಿಂದ ಹೊರಗೆ ಬರೋ ನೀರು,” ಎಂದ ಈರಬೊಮ್ಮ. “ಹುಟ್ಟಿದಾಗಿಂದ ಕೆಂಪು ನೀರೇ ನೋಡಿದೋರು ನಾವು. ತಿಳಿನೀರು ಬಂದಾಗ ನನ್ನ ತಂಗಿ ಹೂವಿ, ‘ಅಣ್ಣಾ, ನನ್ ಮುಖ ಕಾಣ್ತದೆ!’ ಅಂದ್ಲು. ಬೊಗಸೆ ತುಂಬಿ ಕುಡಿದ್ಲು. ನಾನೂ ನಗ್ತಾ ನೋಡ್ತಿದ್ದೆ.”

ಅವನು ಬೊಗಸೆ ಬಿಡಿಸಿ ಕೈ ಕೆಳಗಿಳಿಸಿದ.

“ಬಣ್ಣ ತಿಂದ ಜೀವಗಳು ಎಂಜಲು ಬಿಡ್ತವೆ. ಆ ಎಂಜಲಿಗೆ ಬಣ್ಣ ಇಲ್ಲ, ವಿಷ ಇದೆ. ಅದನ್ನ ತಿನ್ನೋ ಜೀವಗಳೇ ಬೇರೆ, ಅವಕ್ಕೆ ಗಾಳಿ ಬೇಕು. ಅವಳನ್ನ ಮಣ್ಣು ಮಾಡಿದ ಮೇಲೆ ನೋಡಿದೆ. ಗುಂಡಿಯ ನೀರು ಮೆಟ್ಟಿಲ ಮೇಲಿಂದ ಬಿದ್ದು, ಬಯಲಿನ ಕೊಳದಲ್ಲಿ ದಿನಗಟ್ಟಲೆ ಗಾಳಿಗೆ ಅಲ್ಲಾಡಿದ ಕಡೆ ಮೀನುಮರಿ ಬಂದಿದ್ವು. ಗುಂಡಿಯ ಬಾಯಲ್ಲಿ ಒಂದೂ ಇರಲಿಲ್ಲ.”

ದೊರೆ ಎದ್ದು ನಿಂತ. ಪ್ರತಿ ಗುಂಡಿಯ ಪಕ್ಕಕ್ಕೂ ಒಂದು ತೆರೆದ ಕೊಳ ತೋಡಬೇಕೆಂದು ಅಲ್ಲೇ ಅಪ್ಪಣೆಯಾಯಿತು. ಧಾರೆಯ ತಂಬಿಗೆಯೂ ಬಂತು.

“ತಡೀರಿ ಬುದ್ಧಿ,” ಎಂದ ಈರಬೊಮ್ಮ. ಹೊನ್ನಾಂಬೆಯ ಕಡೆ ತಿರುಗಿದ. “ಕಂಡೋರಿಗಲ್ಲದೆ ಈ ಒಗಟು ಕಟ್ಟೋಕೆ ಬರೋಲ್ಲ. ನಿಮ್ಮ ತಮ್ಮ, ಚಿಕ್ಕಬುದ್ಧಿಯೋರು ಕುಡಿದದ್ದೂ ಈ ನೀರೇ ಅಲ್ವಾ?”

ಅವಳು ಹೌದೆಂದು ತಲೆಯಾಡಿಸಿದಳು.

“ಹಂಗಾರೆ ದೀಪಾವಳಿಗೇ ನಿಮಗೆ ತಿಳಿದಿತ್ತು. ನನ್ನ ಹೂವಿ ಕುಡಿದದ್ದು ಯುಗಾದಿಲಿ. ಈ ಡಂಗುರ ಆಗ್ಲೇ ಯಾಕೆ ಬೀಳಲಿಲ್ಲ? ಅದೊಂದನ್ನ ಬಿಡಿಸಿ ಹೇಳಿ.”

ದೊರೆ ನೆಲ ನೋಡಿದ. ಹೊನ್ನಾಂಬೆ, ಬಾಯಿಬಿಡಕೂಡದೆಂದಿದ್ದ ಅಪ್ಪನ ಕಡೆ ತಿರುಗಿದಳು.

“ಹೇಳಿ, ಅಮ್ಮಣ್ಣಿ.”