ಪಾಳೆಯಗಾರನ ರಣವೀಳ್ಯ

ಸೂರಪ್ಪ ನಾಯಕ ತನ್ನ ಪಾಳೆಯಪಟ್ಟಿನಿಂದ ಒಬ್ಬನೇ ಬಂದು, ಗುರುಗಳಿಗೆ ಅಡ್ಡಬಿದ್ದು ಕೇಳಿದ: "ಬುದ್ಧೀ, ನನ್ನ ತಮ್ಮ, ಅವನ ಮಕ್ಕಳು, ಎಲ್ಲರೂ ಬೆರಳು ತೋರಿಸಿದರೆ ಹಸ್ತ ನುಂಗುವವರು. ನನ್ನ ನಂತರ ಮಗನಿಗೆ ಗದ್ದುಗೆ ಉಳಿಯಬೇಕಾದರೆ ಇವರನ್ನು ಏನು ಮಾಡಲಿ?"

ಗುರುಗಳು ಹೇಳಿದರು:

ಒಬ್ಬ ಪಾಳೆಯಗಾರನಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು, ಇವನಿಗೋ ಇದ್ದವನು ಒಬ್ಬನೇ ಮಗ. ತಾನು ಕಣ್ಣು ಮುಚ್ಚಿದ ಮರುದಿನವೇ ದಾಯಾದಿಗಳು ಮಗನ ಕತ್ತು ಹಿಸುಕುತ್ತಾರೆಂಬ ಭಯ ಅವನ ಎದೆಯಲ್ಲಿ ಕೂತಿತು. ಉಂಡ ಅನ್ನ ಮೈಗೆ ಹತ್ತಲಿಲ್ಲ.

ಅವರ ಕುಲದಲ್ಲಿ ಒಂದು ಕಟ್ಟಳೆ. ತುಂಬಿದ ಸಭೆಯಲ್ಲಿ ಗದ್ದುಗೆಯವನು ರಣವೀಳ್ಯ ಕೊಟ್ಟರೆ, ಪಡೆದವನು ಯುದ್ಧಕ್ಕೆ ಹೊರಡಲೇಬೇಕು. ಒಲ್ಲೆನೆಂದವನು ಕುಲಕ್ಕೆ ಹೊರಗು. ಪಾಳೆಯಗಾರ ಆ ಕಟ್ಟಳೆಯನ್ನೇ ಹಿಡಿದ. ಮೊದಲು ತಮ್ಮನಿಗೆ ವೀಳ್ಯ ಕೊಟ್ಟು, ಗೆಲ್ಲಲಾಗದ ಕೋಟೆಯ ಮೇಲೆ ಬೆರಳೆಣಿಕೆಯ ಆಳುಗಳೊಡನೆ ಕಳಿಸಿದ. ಹೆಣ ಬಂದಾಗ ವೀರಗಲ್ಲು ನಿಲ್ಲಿಸಿ ಬಿಕ್ಕಿಬಿಕ್ಕಿ ಅತ್ತ. ಆಮೇಲೆ ತಮ್ಮನ ಮಕ್ಕಳಿಗೆ ಕೊಟ್ಟ. ಆಮೇಲೆ, ತನ್ನನ್ನು ಎತ್ತಿ ಆಡಿಸಿದ್ದ ಮುದಿ ದಳವಾಯಿಗೂ ಕೊಟ್ಟ. ಎಂಥ ನಾಚಿಕೆಗೇಡು! ಊರು ಮಾತ್ರ ಅದನ್ನು ಗೌರವವೆಂದೇ ಕರೆಯಿತು.

ಪ್ರತಿ ಸಲವೂ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನೋಡಿಕೋ ಮಗನೇ, ನಿನಗಿಂತ ಬಲವಂತನಾದವನು ಮನೆಯಲ್ಲಿ ಇರಬಾರದು" ಎಂದು ಕಿವಿಯಲ್ಲಿ ಹೇಳುತ್ತಿದ್ದ. ಮಗ ತಲೆಯಾಡಿಸುತ್ತಿದ್ದ.

ಹೆದರಬೇಕಾದವರೆಲ್ಲ ಮುಗಿದ ಮೇಲೆ ಪಾಳೆಯಗಾರನ ಮನಸ್ಸು ಹಗುರಾಯಿತು. ತನ್ನ ಕೈಯಾರೆ ಮಗನಿಗೆ ಪಟ್ಟ ಕಟ್ಟಿದ. ಇನ್ನು ನೆಮ್ಮದಿಯಾಗಿ ಸಾಯಬಹುದು ಎಂದುಕೊಂಡ. ಅದೇ ಸಭೆಯಲ್ಲಿ ಮಗ ಗದ್ದುಗೆಯಿಂದ ಇಳಿದು ಬಂದ. ತಂದೆಯ ಕಾಲು ಮುಟ್ಟಿ ನಮಸ್ಕರಿಸಿದ. ವೀಳ್ಯದ ತಟ್ಟೆ ಚಾಚಿದ.

"ಇದು ಯಾರಿಗಪ್ಪಾ?" ಎಂದ ಮುದುಕ.

ಮಗ ಮೆಲ್ಲಗೆ ಹೇಳಿದ: "ನಿಮಗೇ ಅಪ್ಪಯ್ಯ. ಈ ಮನೆಯಲ್ಲಿ ನನಗಿಂತ ಬಲವಂತರು ಈಗ ನೀವೊಬ್ಬರೇ."

ಮುದುಕ ಸಭೆಯ ಸುತ್ತ ನೋಡಿದ. ಅಡ್ಡ ಬಂದು "ಬೇಡ" ಎನ್ನುವ ಎದೆಗಾರಿಕೆ ಇದ್ದವರು ಒಬ್ಬರೂ ಇರಲಿಲ್ಲ. ಅಂಥವರನ್ನೆಲ್ಲ ಅವನೇ ಕಳಿಸಿಯಾಗಿತ್ತು. ತಟ್ಟೆಯಿಂದ ವೀಳ್ಯ ಎತ್ತಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಸೂರಪ್ಪ ನಾಯಕ ಹಲ್ಲು ಕಡಿದು, "ಎಂಥ ಪಾಪಿ ಮಗ, ಬುದ್ಧೀ!" ಎಂದ.

ಗುರುಗಳು ಕೇಳಿದರು: "ನೀನು ಈಗ ನನ್ನನ್ನು ಕೇಳಿದ ಮಾತನ್ನು, ಇಲ್ಲಿಗೆ ಬರುವ ಮೊದಲು ನಿನ್ನ ಮಗನೆದುರು ಎಷ್ಟು ಸಲ ಆಡಿದ್ದೀಯಪ್ಪಾ?"